ಕ್ಷಾರೀಯ ನೀರು ಇನ್ಸುಲಿನ್‌ಗೆ ಬದಲಿಯಲ್ಲ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಉಡುಪಿಯಲ್ಲಿ ನಮ್ಮ ಮನೆ ಹತ್ತಿರದ ಸಭಾಂಗಣದಲ್ಲಿ ಕ್ಷಾರೀಯ ನೀರಿನ ಯಂತ್ರವೊಂದರ ಪ್ರಾತ್ಯಕ್ಷಿಕೆ ನಡೆಯಿತು. ಎರಡು ಲೋಟಗಳಿಗೆ ಏನನ್ನೋ ನಾಲ್ಕು ಹನಿ ಬಿಟ್ಟರು. ಬಾವಿ ನೀರು ಹಳದಿಯಾಯಿತು, ಯಂತ್ರದ ನೀರು ನೀಲಿ. ಸಭೆ ಚಪ್ಪಾಳೆ ತಟ್ಟಿತು. ಈ ನೀರು ಕುಡಿದರೆ ದೇಹದ ಆಮ್ಲವೆಲ್ಲ ಹೋಗಿ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಇನ್ಸುಲಿನ್ ಬೇಡ ಎಂದರು. 31 ವರ್ಷ ಹೈಸ್ಕೂಲು ಮಕ್ಕಳಿಗೆ ನಾನು ಮಾಡಿ ತೋರಿಸಿದ ಆಟವೇ ಅದು: ಆಮ್ಲವಿದ್ದರೆ ಆ ಹನಿ ಹಳದಿ, ಕ್ಷಾರವಿದ್ದರೆ ನೀಲಿ, ಅಷ್ಟೆ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಹೆಚ್ಚಾಗಿ ತುಸು ಆಮ್ಲೀಯವೇ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಅದೂ ನೀಲಿಯಾಗುತ್ತದೆ.

ಆ ನೀರನ್ನು ನಂಬಿ ನನ್ನ ಭಾವ ಇನ್ಸುಲಿನ್ ಬಿಟ್ಟರು. ಹುಳಿಯೆಂದು ಪುನರ್ಪುಳಿ (ಕೋಕಂ) ಶರಬತ್ತನ್ನೂ ಬಿಟ್ಟರು, ಅದು ಹೋಗಲಿ. ನಾಲ್ಕನೆಯ ದಿನ ಹೊಟ್ಟೆನೋವು, ವಾಂತಿ. ಗ್ಯಾಸ್ಟ್ರಿಕ್ ಇರಬೇಕೆಂದು ಅಕ್ಕ ಜೀರಿಗೆ ಕಷಾಯ ಕೊಟ್ಟಳು. ನಾನು ಹೋದಾಗ, ಮಂಚದಲ್ಲಿ ಮಲಗಿದ್ದ ಮನುಷ್ಯ ಗುಡ್ಡ ಹತ್ತಿ ಬಂದವರಂತೆ ಆಳವಾಗಿ, ಬಿರುಸಾಗಿ ಉಸಿರೆಳೆಯುತ್ತಿದ್ದರು. ಬಾಯಿ ಹತ್ತಿರ ಬಗ್ಗಿದರೆ ಉಗುರುಬಣ್ಣ ಒರೆಸುವ ದ್ರವದ ವಾಸನೆ. ಅಸಿಟೋನ್! ಶಾಲೆಯ ಪ್ರಯೋಗಾಲಯದ ಬೀರು ತೆರೆದಂತಾಯಿತು.

ಆಸ್ಪತ್ರೆಯಲ್ಲಿ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದರು. ಪಿಎಚ್ ಎಂದರೆ ಆಮ್ಲ-ಕ್ಷಾರದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು. 7.35ರಿಂದ 7.45ರೊಳಗೆ ಇರಬೇಕಾದ ಅದು 7.16ಕ್ಕೆ ಇಳಿದಿತ್ತು, ರಕ್ತದ ಆಮ್ಲವನ್ನು ತಣಿಸುವ, 22ರಿಂದ 26ರಷ್ಟಿರಬೇಕಾದ ಬೈಕಾರ್ಬನೇಟ್ ಬರೀ 7. ಪಿಎಚ್ 0.3 ಇಳಿದರೆ ಆಮ್ಲತೆಗೆ ಕಾರಣವಾದ ಹೈಡ್ರೋಜನ್ ಅಯಾನು ಇಮ್ಮಡಿಯಾದಂತೆ, ಹಾಗಾಗಿ ಇದು ಸಣ್ಣ ಇಳಿತವೇನಲ್ಲ. ಇನ್ಸುಲಿನ್ ಇಲ್ಲದಾಗ ದೇಹದ ಕೊಬ್ಬು ಕರಗುತ್ತದೆ, ಯಕೃತ್ತು ಅದರಿಂದ ಕೀಟೋನ್ ಆಮ್ಲಗಳನ್ನು ತಯಾರಿಸುತ್ತದೆ. ಆ ಅಸಿಟೋನ್ ವಾಸನೆಯೂ ಅವುಗಳಿಂದಲೇ. ಇಂಗಾಲದ ಡೈಆಕ್ಸೈಡನ್ನು ಹೊರದೂಡಿ ಆ ಆಮ್ಲವನ್ನು ಸರಿದೂಗಿಸಲು ಶ್ವಾಸಕೋಶ ಹೆಣಗುತ್ತಿತ್ತು. ಸಲೈನ್, ಇನ್ಸುಲಿನ್, ಪೊಟ್ಯಾಸಿಯಂ ಎಂದು ಐದು ದಿನ ಕಳೆದು ಭಾವ ಮನೆಗೆ ಬಂದರು.

ಅತಿಭೇದಿಯಲ್ಲಿ ಬೈಕಾರ್ಬನೇಟ್ ಸೋರಿಹೋದರೂ, ಮೂತ್ರಪಿಂಡ ಸೋತು ಆಮ್ಲ ಹೊರಹೋಗದಿದ್ದರೂ ರಕ್ತ ಹೀಗೆ ಆಮ್ಲದತ್ತ ವಾಲುತ್ತದೆ. ದಿನಗಟ್ಟಲೆ ವಾಂತಿಯಾದರೆ ಜಠರದ ಆಮ್ಲ ನಷ್ಟವಾಗಿ ಕ್ಷಾರದತ್ತ ವಾಲುವುದೂ ಉಂಟು. ಕಾರಣ ಹುಡುಕಿ ಚಿಕಿತ್ಸೆ ಮಾಡಬೇಕಾದವರು ವೈದ್ಯರು. ಆ ನೀಲಿ ನೀರಾದರೋ ಗಂಟಲಿಳಿದ ಕೂಡಲೇ ಬೀಳುವುದು ಜಠರದ ಆಮ್ಲದೊಳಕ್ಕೆ, ಅದರ ಕ್ಷಾರ ಅಲ್ಲೇ ತಣಿಯುತ್ತದೆ.

ಸಕ್ಕರೆ ಕಾಯಿಲೆಯವರು ಇಂಥ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಬಾರದು. ವಾಂತಿಯ ಜೊತೆ ಅಂಥ ಉಸಿರಾಟ ಕಂಡರೆ ಕಷಾಯ ಕುದಿಸುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಯಂತ್ರದವರು ಬರುವ ಭಾನುವಾರ ಮತ್ತೆ ಬರುತ್ತಾರಂತೆ. ಅಡುಗೆ ಸೋಡಾದ ಪೊಟ್ಟಣ ಹಿಡಿದು ನಾನೂ ಮುಂದಿನ ಸಾಲಿನಲ್ಲಿ ಕುಳಿತಿರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಉಡುಪಿ