ಇಂಜೆಕ್ಷನ್ ವಿಷಯ ಕೇಳಿದ್ದೆಯಲ್ಲ

ಚಿ. ವಿನಯನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಜಿಮ್‌ನಲ್ಲಿ ಯಾರೋ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೋ, ಬೇಗ ಮೈಕಟ್ಟು ಬರುತ್ತದೆ ಅಂದರಂತೆ. ತೆಗೆದುಕೊಳ್ಳಲಾ ಅಂತ ಕೇಳಿದ್ದೀಯ. ಬೇಡ. ಕಾರಣ ಹೇಳದೆ ಬೇಡ ಅಂದರೆ ನೀನು ಕೇಳುವವನಲ್ಲ, ಅದಕ್ಕೇ ಈ ಪತ್ರ.

ಮೈ ಬರುವುದು ಸುಳ್ಳಲ್ಲ. ಆದರೆ ಒಳಗೆ ಏನಾಗುತ್ತದೆ ನೋಡು. ಟೆಸ್ಟೋಸ್ಟೆರಾನ್ ಅನ್ನುವ ಈ ಗಂಡು ಹಾರ್ಮೋನು ತಯಾರಾಗುವುದು ವೃಷಣದಲ್ಲಿ. ಎಷ್ಟು ಬೇಕು ಅಂತ ಲೆಕ್ಕ ಇಡುವುದು ಮಾತ್ರ ಮೆದುಳು. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಗ್ರಂಥಿ ಇದೆ, ತೂಕ ಅರ್ಧ ಗ್ರಾಂ ಆಸುಪಾಸು. ಅದು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಕಳಿಸಿದರೇ ವೃಷಣ ಕೆಲಸ ಮಾಡುವುದು. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಿದ್ದರೆ ಅವನ್ನು ಕಳಿಸುವುದು ಕಡಿಮೆಯಾಗುತ್ತದೆ. ಅದು ಒಳಗೆ ಹುಟ್ಟಿದ್ದೋ ಹೊರಗಿಂದ ಚುಚ್ಚಿದ್ದೋ ಮೆದುಳಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಸ್ವಂತ ತಯಾರಿಕೆ ನಿಲ್ಲುತ್ತಾ ಬರುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತವೆ, ಕೆಲವರಲ್ಲಿ ಒಂದೂ ಉಳಿಯುವುದಿಲ್ಲ. ಇಂಜೆಕ್ಷನ್ ಬಿಟ್ಟರೂ ಮತ್ತೆ ಸರಿಹೋಗಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷದ ಮೇಲೂ. ಇನ್ನೊಂದು ವಿಷಯ, ಜಾಸ್ತಿಯಾದ ಟೆಸ್ಟೋಸ್ಟೆರಾನ್‌ನಲ್ಲಿ ಸ್ವಲ್ಪ ಭಾಗ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಾಗಿ ಬದಲಾಗುತ್ತದೆ. ಗಂಡಸುತನ ಹೆಚ್ಚಿಸಿಕೊಳ್ಳಲು ಹೋದವನಿಗೆ ಎದೆ ಊದಿಕೊಳ್ಳುವುದು ಹೀಗೆ! ಇದನ್ನು ನಿನ್ನ ಜಿಮ್‌ನವರು ಹೇಳಿರಲಿಕ್ಕಿಲ್ಲ.

ಮಿಕ್ಕ ಹಾರ್ಮೋನುಗಳಲ್ಲೂ ಬಹುತೇಕ ಇದೇ ಲೆಕ್ಕ. ಅಮ್ಮನ ಥೈರಾಯ್ಡ್ ರಿಪೋರ್ಟಿನಲ್ಲಿ ಟಿಎಸ್‌ಎಚ್ ಜಾಸ್ತಿ ಇದೆ, ಮಾತ್ರೆ ಕಡಿಮೆ ಮಾಡಬೇಕಲ್ವಾ ಅಂದಿದ್ದೆಯಲ್ಲ? ಅದು ಉಲ್ಟಾ. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಈ ಟಿಎಸ್‌ಎಚ್ ಕಳಿಸುವುದೂ ಪಿಟ್ಯುಟರಿಯೇ. ಥೈರಾಯ್ಡ್ ಹಾರ್ಮೋನು ಸಾಲದಿದ್ದಾಗ ಅದು ಇನ್ನಷ್ಟು ಒತ್ತಾಯ ಮಾಡುತ್ತದೆ, ಸಂಖ್ಯೆ ಏರುತ್ತದೆ. ಮೈ ಬಿಸಿ, ಹೃದಯದ ಬಡಿತ, ಹೊಟ್ಟೆಯ ಚಲನೆ ಎಲ್ಲದರ ವೇಗವೂ ಆ ಹಾರ್ಮೋನಿನ ಕೈಯಲ್ಲಿದೆ. ಅದು ಕಡಿಮೆಯಾದಾಗ ಸುಸ್ತು, ಚಳಿ, ಮಲಬದ್ಧತೆ ಒಟ್ಟಿಗೆ ಬರುವುದು ಅದಕ್ಕೇ. ಕಾರ್ಟಿಸಾಲ್ ಎಂಬ ಹಾರ್ಮೋನಿನಂತೆ ಕೆಲಸ ಮಾಡುವ ಸ್ಟೀರಾಯ್ಡ್ ಮಾತ್ರೆಯನ್ನು ತುಂಬ ದಿನ ತೆಗೆದುಕೊಂಡವರು ತಟ್ಟನೆ ನಿಲ್ಲಿಸಬಾರದು ಅನ್ನುವುದೂ ಇದರಿಂದಲೇ. ಅಷ್ಟರಲ್ಲಿ ಅವರ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸ್ವಂತ ಕಾರ್ಟಿಸಾಲ್ ಮಾಡುವುದನ್ನೇ ಬಿಟ್ಟಿರುತ್ತದೆ. ಅದಿಲ್ಲದೆ ಬಿಪಿ ಕುಸಿದು ಜೀವಕ್ಕೇ ಅಪಾಯ.

ಹೊರಗಿಂದ ಕೊಡುವ ಹಾರ್ಮೋನೆಲ್ಲ ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡ. ರಕ್ತದ ಸಕ್ಕರೆಯನ್ನು ಜೀವಕೋಶದೊಳಗೆ ಸೇರಿಸುವುದು ಮೇದೋಜೀರಕ ಗ್ರಂಥಿಯ ಇನ್ಸುಲಿನ್. ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು 1921ರಲ್ಲಿ ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಕೊಟ್ಟರು. ಅದಕ್ಕೂ ಮುಂಚೆ ಇನ್ಸುಲಿನ್ನೇ ತಯಾರಾಗದ ಬಗೆಯ ಮಧುಮೇಹ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಇಲ್ಲದವರಿಗೆ ಕೊಡುವುದು ಔಷಧಿ. ಇದ್ದವನು ಸುಮ್ನೆ ಚುಚ್ಚಿಕೊಂಡರೆ ಸಕ್ಕರೆ ಇಳಿದು ಸಾಯಬಹುದು. ಮೈ ಬೆಳೆಸಲು ಇದನ್ನೂ ಚುಚ್ಚಿಕೊಳ್ಳುವವರಿದ್ದಾರೆ ಮಾರಾಯ!

ನಿನಗೆ ಬೇಕಾದ್ದು ಸ್ನಾಯು ತಾನೆ? ಹಾಗಾದರೆ ನಿದ್ದೆಯ ಕಡೆ ನೋಡು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬರುವುದು ಮಲಗಿದ ಮೊದಲ ಗಂಟೆಗಳ ಗಾಢ ನಿದ್ದೆಯಲ್ಲಿ. ಕತ್ತಲಾದ ಮೇಲೆ ಏರಬೇಕಾದ, ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ನಿನ್ನ ಫೋನಿನ ಬೆಳಕು ತಡೆಯುತ್ತದೆ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಆರೋಗ್ಯವಂತ ಹುಡುಗರಿಗೆ ಒಂದು ವಾರ ರಾತ್ರಿ 5 ಗಂಟೆಯಷ್ಟೇ ನಿದ್ದೆ ಕೊಟ್ಟರು. ಅವರ ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಇಳಿಯಿತು. ನೀನು ಮಲಗುವುದು ಎಷ್ಟು ಹೊತ್ತಿಗೆ ಅಂತ ಅಮ್ಮ ಹೇಳಿದ್ದಾಳೆ.

ಇಷ್ಟಾದರೂ ಟೆಸ್ಟೋಸ್ಟೆರಾನ್ ಕಡಿಮೆ ಇರಬಹುದೇನೋ ಅನ್ನಿಸಿದರೆ ಹಾರ್ಮೋನು ನೋಡುವ ಎಂಡೋಕ್ರೈನ್ ಡಾಕ್ಟರ ಹತ್ತಿರ ಹೋಗು. ರಕ್ತ ಬೆಳಿಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ಕೊಡು, ಸಂಜೆ ಅಷ್ಟಿರುವುದಿಲ್ಲ. ಕಡಿಮೆ ಬಂದರೆ ಬೇರೆ ದಿನ ಇನ್ನೊಮ್ಮೆ ಮಾಡಿಸು. ಒಂದೇ ರಿಪೋರ್ಟ್ ಹಿಡಿದು ಯಾರೂ ಚಿಕಿತ್ಸೆ ಶುರು ಮಾಡಬಾರದು. ಖರ್ಚು ನಾನು ಕೊಡುತ್ತೇನೆ. ಇಂಜೆಕ್ಷನ್‌ಗೆ ಮಾತ್ರ ಕೊಡುವುದಿಲ್ಲ.

ಇಂತಿ,
ನಿನ್ನ ಚಿಕ್ಕಮ್ಮ