ಮುಂದಿನ ಗಾಲಿ ಇಳಿಯದಿದ್ದ ಸಂಜೆ: ನಮ್ಮ ವಿಮಾನದ ಸಿಬ್ಬಂದಿಗೆ ಕೃತಜ್ಞತೆಗಳು

ಕಳೆದ ತಿಂಗಳು ವಾರಾಣಸಿಯಿಂದ ಬೆಂಗಳೂರಿಗೆ ಬರುವಾಗ, ಮುಂದಿನ ಗಾಲಿ ಸರಿಯಾಗಿ ಇಳಿಯದೆ ಆಕಾಶದಲ್ಲೇ ಸುತ್ತು ಹಾಕಬೇಕಾಗಿ ಬಂದ ವಿಮಾನದಲ್ಲಿ ನಾನು ಮತ್ತು ನನ್ನ ಅವ್ವ ಇದ್ದೆವು. ಯಾರಿಗೂ ಒಂದು ತರಚು ಗಾಯವೂ ಆಗದಂತೆ ನಮ್ಮನ್ನು ನೆಲಕ್ಕೆ ಮುಟ್ಟಿಸಿದ ಇಬ್ಬರು ಪೈಲಟ್‌ಗಳಿಗೆ, ಒಳಗಿದ್ದ ಕ್ಯಾಬಿನ್ ಸಿಬ್ಬಂದಿಗೆ, ಕೆಂಪೇಗೌಡ ವಿಮಾನ ನಿಲ್ದಾಣದ ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಮತ್ತು ಅಗ್ನಿಶಾಮಕ ಸಿಬ್ಬಂದಿಗೆ ಎಲ್ಲರ ಎದುರು ಕೃತಜ್ಞತೆ ಹೇಳಬೇಕೆಂದು ಈ ಬರಹ. "ವಿಶ್ವನಾಥನ ನಮ್ಮನ್ನ ಉಳಿಸ್ಯಾನ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ಅವಳ ನಂಬಿಕೆಯ ಬಗ್ಗೆ ನನ್ನ ತಕರಾರೇನೂ ಇಲ್ಲ; ಆದರೆ ಆ ಸಂಜೆ ದುಡಿದ ಕೈಗಳು ಏನು ಮಾಡಿದವು ಎಂಬುದನ್ನು ಸರಿಯಾಗಿ ಹೇಳುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ.

ಗಾಲಿ ಇಳಿಸುವ ಸದ್ದು ಕಾಲಡಿಯಲ್ಲಿ ಕೇಳಿಸಿದ ಸ್ವಲ್ಪ ಹೊತ್ತಿಗೆ ಎಂಜಿನ್‌ಗಳು ಮೊರೆದು ವಿಮಾನ ಮತ್ತೆ ಮೇಲೇರಿತು. ಕ್ಯಾಪ್ಟನ್ ತಡಮಾಡದೆ ಮೈಕ್‌ನಲ್ಲಿ ವಿಷಯ ತಿಳಿಸಿದರು: ಮುಂದಿನ ಗಾಲಿ ಪೂರ್ತಿ ಇಳಿದು ಬಿಗಿಯಾಗಿ ನಿಂತಿದೆ ಎಂದು ತೋರಿಸುವ ಹಸಿರು ದೀಪ ಹತ್ತಿಲ್ಲ, ಅದನ್ನು ಪರಿಶೀಲಿಸಲು ಸಮಯ ಬೇಕು, ಇಂಧನ ಸಾಕಷ್ಟಿದೆ, ಹತ್ತು ನಿಮಿಷಕ್ಕೆ ತಾವೇ ಮತ್ತೆ ಮಾತನಾಡುತ್ತಾರೆ. ಹೇಳಿದ ಹೊತ್ತಿಗೆ ಸರಿಯಾಗಿ ಅವರ ದನಿ ಮತ್ತೆ ಕೇಳಿಸಿತು. ಹೊಸ ಸುದ್ದಿ ಇನ್ನೂ ಇಲ್ಲ, ಕೆಲಸ ನಡೆದಿದೆ ಎನ್ನುವುದಷ್ಟೇ ಆಗ ಅವರಿಗೆ ಹೇಳಲಿದ್ದುದು. ಏನೂ ಇಲ್ಲದಿದ್ದರೂ ಮಾತು ಕೊಟ್ಟ ಸಮಯಕ್ಕೆ ಬಂದು ಹೇಳಿದರಲ್ಲ, ಅಳು ಶುರುವಾಗಿದ್ದ ಕಡೆಯ ಸಾಲುಗಳವರೆಗೂ ಒಂದು ಹಿಡಿತ ಬಂದದ್ದು ಅದರಿಂದಲೇ.

ಅವ್ವನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ನಾನು ವಿವರಿಸಲು ಹೊರಟರೆ ನನ್ನ ಗಂಟಲೇ ಕಟ್ಟುತ್ತಿತ್ತು. ಕನ್ನಡ ಬಲ್ಲ ಗಗನಸಖಿಯೊಬ್ಬರು ಇದನ್ನು ಗಮನಿಸಿ, ನಮ್ಮ ಸಾಲಿನ ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ಅವ್ವನ ಮುಖ ನೋಡುತ್ತಲೇ ಒಂದೊಂದಾಗಿ ಹೇಳಿಕೊಟ್ಟರು: ಕನ್ನಡಕ ತೆಗೆದಿಡಬೇಕು, ಬೆಲ್ಟನ್ನು ಹೊಟ್ಟೆಯ ಕೆಳಗೆ ಬಿಗಿಯಬೇಕು, ಪಾದಗಳನ್ನು ನೆಲಕ್ಕೆ ಚಪ್ಪಟೆಯಾಗಿ ಊರಬೇಕು, ಕೂಗು ಕೇಳಿದ ಕೂಡಲೇ ಹಣೆಯನ್ನು ಮುಂದಿನ ಸೀಟಿಗೆ ಆನಿಸಿ ಕೈಗಳಿಂದ ತಲೆ ಮುಚ್ಚಿಕೊಳ್ಳಬೇಕು. ಅವ್ವನಿಂದ ಎರಡು ಸಲ ಮಾಡಿಸಿಯೇ ಎದ್ದರು. ಅವ್ವನ ಮಡಿಲಲ್ಲಿ ಗಂಗೆಯ ತಾಮ್ರದ ಗಿಂಡಿ ಇತ್ತು. ಕಾಶಿಯಿಂದ ಹೊರಟಾಗಿನಿಂದ ಅವಳು ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ವಿಮಾನ ಜೋರಾಗಿ ಕುಲುಕಿದರೆ ಅಷ್ಟು ಗಟ್ಟಿ ವಸ್ತು ಯಾರ ತಲೆಗಾದರೂ ಬಡಿಯಬಹುದು. "ಅಮ್ಮಾ, ಇದನ್ನ ನಾನು ಜೋಪಾನವಾಗಿ ಇಟ್ಟಿರ್ತೀನಿ, ಆಮೇಲೆ ನಾನೇ ನಿಮ್ಮ ಕೈಗೆ ಕೊಡ್ತೀನಿ" ಎಂದು ಅವರು ಎರಡೂ ಕೈ ಒಡ್ಡಿದರು. ಅವ್ವ ಕೊಟ್ಟಳು. ಎಲ್ಲ ಮುಗಿದ ಮೇಲೆ, ಅಷ್ಟು ಗಡಿಬಿಡಿಯ ನಡುವೆಯೂ ಮರೆಯದೆ, ಬಸ್ಸಿನ ಬಾಗಿಲವರೆಗೆ ಬಂದು ಆ ಗಿಂಡಿಯನ್ನು ಅವರು ಅವ್ವನ ಕೈಗಿತ್ತರು. ಊಟ, ನೀರು ಕೊಡುವವರೆಂದಷ್ಟೇ ನಾವು ಇವರನ್ನು ಕಾಣುತ್ತೇವೆ. 44ಕ್ಕಿಂತ ಹೆಚ್ಚು ಆಸನಗಳಿರುವ ಪ್ರಯಾಣಿಕ ವಿಮಾನದ ಮಾದರಿಗೆ ಮಾನ್ಯತೆ ಸಿಗಬೇಕಾದರೆ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ, ತುಂಬಿದ ವಿಮಾನವನ್ನು 90 ಸೆಕೆಂಡುಗಳೊಳಗೆ ಖಾಲಿ ಮಾಡಿ ತೋರಿಸಬೇಕೆಂಬ ನಿಯಮವಿದೆ. ನಿಜವಾದ ಅಪಘಾತದಲ್ಲಿ ಆ ವೇಗ ಬರುವುದು ಇವರ ತರಬೇತಿಯಿಂದ, ಇವರ ಗಂಟಲಿನಿಂದ.

ಕಾಕ್‌ಪಿಟ್‌ನಲ್ಲಿ ನಡೆದದ್ದು ನಮಗೆ ತಿಳಿದದ್ದು ಟರ್ಮಿನಲ್‌ಗೆ ಬಂದ ಮೇಲೆ. ಕ್ಯಾಪ್ಟನ್ ಅಲ್ಲಿಗೆ ಬಂದು, ನಿಂತುಕೊಂಡೇ ಎಲ್ಲರ ಪ್ರಶ್ನೆಗಳಿಗೂ ಉತ್ತರಿಸಿದರು. ವಿಮಾನ ಹಾರಿಸುವುದು, ಎಟಿಸಿ ಜೊತೆ ಮಾತನಾಡುವುದು ಇವೆರಡನ್ನೂ ಸಹ ಪೈಲಟ್‌ಗೆ ಒಪ್ಪಿಸಿ, ತಾವು ಚೆಕ್‌ಲಿಸ್ಟ್ ಹಿಡಿದು ಗಾಲಿಯ ತೊಂದರೆಯ ಕಡೆ ಗಮನ ಕೊಟ್ಟರಂತೆ. ಉಳಿದ ಇಂಧನವೆಷ್ಟು ಎಂಬುದನ್ನು ಸಹ ಪೈಲಟ್ ಆಗಾಗ ಗಟ್ಟಿಯಾಗಿ ಹೇಳುತ್ತಿದ್ದರಂತೆ; ಇಷ್ಟಕ್ಕೆ ಬಂದರೆ ದೀಪ ಹತ್ತಲಿ ಬಿಡಲಿ ಇಳಿಯುವುದೇ ಸೈ ಎಂಬ ಮಿತಿಯನ್ನು ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡಿದ್ದರು. ಕೊನೆಗೆ ಗಾಲಿ ಇಳಿಸುವ ಹೈಡ್ರಾಲಿಕ್ (ದ್ರವದ) ಒತ್ತಡವನ್ನು ಬಿಟ್ಟು, ಕೈಯಿಂದ ತಿರುಗಿಸುವ ಹಿಡಿಕೆಯ ಮೂಲಕ ಗಾಲಿಯ ಕೊಂಡಿ ಬಿಚ್ಚಿ, ಅದು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುವಂತೆ ಮಾಡಿದಾಗ ಹಸಿರು ದೀಪ ಹತ್ತಿತು.

ಈ ಕೆಲಸ ಹಂಚಿಕೆಯ ಹಿಂದೆ ಎಷ್ಟು ಜೀವಗಳ ಬೆಲೆ ಇದೆ ಎಂಬುದನ್ನು ಮನೆಗೆ ಬಂದು ಓದಿದಾಗ ನನ್ನ ಕೃತಜ್ಞತೆ ಇನ್ನೂ ಹೆಚ್ಚಿತು. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿಯಲ್ಲಿ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನದಲ್ಲೂ ಮುಂದಿನ ಗಾಲಿಯ ದೀಪ ಹತ್ತಿರಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ದೀಪದ ಬೆನ್ನು ಹತ್ತಿದರು. ಆಟೋಪೈಲಟ್ ಎತ್ತರ ಕಾಯುವುದನ್ನು ಬಿಟ್ಟದ್ದು ಯಾರ ಗಮನಕ್ಕೂ ಬರದೆ, ವಿಮಾನ ನಿಧಾನವಾಗಿ ಇಳಿಯುತ್ತ ಎವರ್‌ಗ್ಲೇಡ್ಸ್ ಜೌಗಿಗೆ ಅಪ್ಪಳಿಸಿತು. 101 ಜನ ತೀರಿಕೊಂಡರು. ಗಾಲಿ ಸರಿಯಾಗಿಯೇ ಇಳಿದಿತ್ತು, ಸುಟ್ಟುಹೋಗಿದ್ದದ್ದು ಬಲ್ಬ್. ಆರು ವರ್ಷಗಳ ನಂತರ, 1978ರ ಡಿಸೆಂಬರ್ 28ರಂದು, ಪೋರ್ಟ್‌ಲ್ಯಾಂಡ್ ನಗರದ ಮೇಲೆ ಗಾಲಿಯ ತೊಂದರೆಯನ್ನು ನೋಡುತ್ತ ಸುಮಾರು ಒಂದು ಗಂಟೆ ಸುತ್ತಿದ ಯುನೈಟೆಡ್ ಏರ್‌ಲೈನ್ಸ್‌ನ 173ನೇ ವಿಮಾನ ಇಂಧನವೇ ಮುಗಿದು ಬಿದ್ದಿತು. ಹತ್ತು ಜನ ಸತ್ತರು. ಇಂಥ ಅಪಘಾತಗಳ ತನಿಖೆಗಳಿಂದ, 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ರೂಪುಗೊಂಡದ್ದು ಇಂದು ಪೈಲಟ್‌ಗಳೆಲ್ಲ ಕಲಿಯುವ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ತರಬೇತಿ: ಒಬ್ಬರ ಗಮನ ಸದಾ ಹಾರಾಟದ ಮೇಲೆ ಇರಲೇಬೇಕು, ಕಿರಿಯರು ಹಿರಿಯರಿಗೆ ಅನುಮಾನವನ್ನು ಸ್ಪಷ್ಟವಾಗಿ ಹೇಳಬೇಕು, ಹಿರಿಯರು ಕೇಳಬೇಕು. ನಮ್ಮ ಸಹ ಪೈಲಟ್ ವಯಸ್ಸಿನಲ್ಲಿ ತೀರ ಚಿಕ್ಕವರು. ಅವರು ಇಂಧನದ ಲೆಕ್ಕ ಕೂಗಿ ಹೇಳುತ್ತಿದ್ದುದನ್ನು ಕ್ಯಾಪ್ಟನ್ ಎಲ್ಲರ ಎದುರು ಹೆಮ್ಮೆಯಿಂದ ನೆನೆದದ್ದು ನನಗೆ ಬಹಳ ದೊಡ್ಡ ಗುಣವಾಗಿ ಕಂಡಿತು.

2024ರ ಅಕ್ಟೋಬರ್ 11ರಂದು ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಹೈಡ್ರಾಲಿಕ್ ತೊಂದರೆಯಿಂದಾಗಿ ಎರಡು ಗಂಟೆಗೂ ಹೆಚ್ಚು ಕಾಲ ಅಲ್ಲೇ ಸುತ್ತಿ, ಇಂಧನ ಕರಗಿಸಿಕೊಂಡು ಸುರಕ್ಷಿತವಾಗಿ ಇಳಿದದ್ದನ್ನು ಅನೇಕರು ಟೀವಿಯಲ್ಲಿ ನೋಡಿರಬಹುದು. ಕೆಳಗಿನಿಂದ ನೋಡುವವರಿಗೆ ಅದು ದಿಕ್ಕು ತೋಚದ ಸುತ್ತಾಟದಂತೆ ಕಾಣುತ್ತದೆ. ಅಂಥದೇ ಸುತ್ತಾಟದಲ್ಲಿ ಒಳಗೆ ಕುಳಿತಿದ್ದವಳಾಗಿ ಹೇಳುತ್ತೇನೆ, ಆ ಪ್ರತಿಯೊಂದು ಸುತ್ತಿಗೂ ಒಂದು ಕೆಲಸವಿರುತ್ತದೆ.

ದೀಪ ಹತ್ತಿದ ಮೇಲೂ ಕ್ಯಾಪ್ಟನ್ ಸಿದ್ಧತೆಯನ್ನು ಸಡಿಲಿಸಲಿಲ್ಲ. ಹಿಂದಿನ ಗಾಲಿಗಳನ್ನು ಊರಿ, ಮೂತಿಯನ್ನು ಆದಷ್ಟು ಹೊತ್ತು ಮೇಲೆ ಹಿಡಿದು, ಆಮೇಲೆ ಹಗುರವಾಗಿ ಕೆಳಗಿಟ್ಟರು. ಗಾಲಿಯನ್ನು ಹೀಗೆ ಇಳಿಸಿದಾಗ ಮುಂದಿನ ಗಾಲಿಯನ್ನು ತಿರುಗಿಸುವ ಶಕ್ತಿ ಉಳಿಯುವುದಿಲ್ಲವಾದ್ದರಿಂದ ವಿಮಾನ ರನ್‌ವೇ ಮೇಲೆಯೇ ನಿಂತಿತು. ಕಿಟಕಿಯ ಹೊರಗೆ ನೋಡುವಷ್ಟರಲ್ಲಿ ಅಗ್ನಿಶಾಮಕ ವಾಹನಗಳು ಎರಡೂ ಬದಿಗೆ ಬಂದಾಗಿತ್ತು. ರನ್‌ವೇಯ ಯಾವುದೇ ಭಾಗಕ್ಕೆ ಮೂರು ನಿಮಿಷದೊಳಗೆ ತಲುಪಬೇಕೆಂಬುದು ಅವರಿಗಿರುವ ಅಂತರರಾಷ್ಟ್ರೀಯ ಮಾನದಂಡ. ಏನೂ ಆಗದ ನೂರಾರು ದಿನಗಳಲ್ಲೂ ಅವರು ಅದೇ ಅಭ್ಯಾಸ ಮಾಡುತ್ತಿರುತ್ತಾರೆ. ಏಣಿ ಇಳಿಯುವಾಗ ಅವರಲ್ಲೊಬ್ಬರು ಅವ್ವನ ತೋಳು ಹಿಡಿದು ಕೆಳಗಿಳಿಸಿದರು. ಹೆಲ್ಮೆಟ್‌ನೊಳಗಿನ ಅವರ ಮುಖ ನನಗೆ ಕಾಣಿಸಲಿಲ್ಲ, ಅವರಿಗೂ ನಮ್ಮ ನಮಸ್ಕಾರ.

ನಾನು ವಿಮಾನಯಾನ ಸಂಸ್ಥೆಗೆ ಪ್ರತ್ಯೇಕವಾಗಿ ಪತ್ರ ಬರೆದು, ಸಿಬ್ಬಂದಿಯ ಸೇವಾ ದಾಖಲೆಯಲ್ಲಿ ಈ ಸಂಜೆಯ ಕೆಲಸ ದಾಖಲಾಗಬೇಕೆಂದು ಕೋರಿದ್ದೇನೆ. ಆ ದಿನ ನಮ್ಮೊಂದಿಗಿದ್ದವರು ಈ ಬರಹ ಓದಿದರೆ ದಯವಿಟ್ಟು ನೀವೂ ನಾಲ್ಕು ಸಾಲು ಬರೆಯಿರಿ. ಸಿಬ್ಬಂದಿಯ ಹೆಸರು ಗೊತ್ತಿರಬೇಕೆಂದೇನೂ ಇಲ್ಲ. ಬೋರ್ಡಿಂಗ್ ಪಾಸ್‌ನಲ್ಲಿರುವ ವಿಮಾನದ ಸಂಖ್ಯೆ ಮತ್ತು ದಿನಾಂಕ ಹಾಕಿದರೆ ಅದು ಯಾರಿಗೆ ಸೇರಬೇಕೋ ಅವರಿಗೆ ಸೇರುತ್ತದೆ.