ಪಕ್ಕದ ಸಹಿ ಯಾರದ್ದು?

ಮಾನ್ಯ ಸಂಪಾದಕರೇ,

ಸಹವಾಸದ ಬಗ್ಗೆ ಬುದ್ಧಿಮಾತೆಲ್ಲ ನಮ್ಮಲ್ಲಿ ಮಕ್ಕಳಿಗೇ ಮೀಸಲು. ಕಾಲೇಜು ಸೇರುವ ಹುಡುಗನಿಗೆ ಅಪ್ಪ, ಅಮ್ಮ, ಸೋದರಮಾವ ಎಲ್ಲರೂ ಹೇಳುತ್ತಾರೆ. ಮದುವೆಯಾಗಿ ರೇಷನ್ ಕಾರ್ಡ್ ಬೇರೆಯಾದ ಮೇಲೆ ಯಾರೂ ಯಾರಿಗೂ ಹೇಳುವುದಿಲ್ಲ. ಆದರೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಸಹವಾಸಕ್ಕೆ ರೂಪಾಯಿ ಲೆಕ್ಕದಲ್ಲಿ ಬೆಲೆ ತೆರುವುದು ಆಮೇಲೆಯೇ: ಸಂಘದಲ್ಲಿ, ಚೀಟಿಯಲ್ಲಿ, ಜಾಮೀನು ಕಾಗದದಲ್ಲಿ. ಹಸು ಕೊಟ್ಟಿಗೆಯಲ್ಲಿ ಉಳಿಯುತ್ತದೋ ಸಂತೆಗೆ ಹೋಗುತ್ತದೋ ಅನ್ನುವುದು ಎಷ್ಟೋ ಸಲ ನಮ್ಮ ಸಹಿಯ ಪಕ್ಕದಲ್ಲಿ ಬಿದ್ದ ಇನ್ನೊಂದು ಸಹಿಯ ಮೇಲೆ ನಿಂತಿರುತ್ತದೆ.

ಸ್ವಸಹಾಯ ಸಂಘಗಳು ಹುಟ್ಟಿದ್ದೇ ಈ ಪಾಠದಿಂದ. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಜನ ತಾವಾಗಿಯೇ ಹದಿನೈದು ಇಪ್ಪತ್ತು ಮಂದಿಯ ಗುಂಪುಗಳಾದರು. ಅವರನ್ನು ಕೂಡಿಸಿದ್ದು ಒಬ್ಬರ ಮೇಲೊಬ್ಬರಿಗೆ ಮೊದಲಿನಿಂದ ಇದ್ದ ನಂಬಿಕೆ. ಆಮೇಲೆ 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಶುರುಮಾಡಿತು. 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಅಂದರೆ ನಂಬಿಕೆ ಮೊದಲು ಇತ್ತು, ಸಾಲ ಹಿಂದಿನಿಂದ ಬಂತು. ಈಗ ಅದು ತಿರುವುಮುರುವಾಗಿದೆ. ಸಾಲ ಕೊಡುವವರು ಬೀದಿಗೆ ಬಂದು "ಐದು ಜನ ಆಧಾರ್ ತನ್ನಿ" ಅಂದರೆ, ಆ ಹೊತ್ತಿಗೆ ಮನೆಯಲ್ಲಿದ್ದ ಐವರು ಗುಂಪಾಗುತ್ತಾರೆ. ಆಮೇಲೆ ಒಬ್ಬಳು ಕಂತು ತಪ್ಪಿಸಿದ ದಿನ ಉಳಿದ ನಾಲ್ವರು ರಾತ್ರಿ ಎಂಟರವರೆಗೂ ಅವಳ ಜಗಲಿ ಕಾಯುತ್ತಾರೆ.

ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವಾಗ ಒಡವೆ, ಆರ್‌ಸಿಸಿ ಮನೆ, ಮಾತಿನ ಚುರುಕು ಇವುಗಳಿಂದ ಏನೂ ಗೊತ್ತಾಗದು. ಚಿಕ್ಕ ಬಾಕಿಗಳನ್ನು ನೋಡಬೇಕು. ಅಂಗಡಿಯ ಲೆಕ್ಕ ಯಾವಾಗ ತೀರಿಸುತ್ತಾರೆ, ಪಾವು ಎಣ್ಣೆ ಇಸಿದುಕೊಂಡರೆ ಕೇಳದೆ ವಾಪಸ್ ತರುತ್ತಾರೋ, ಮೀಟಿಂಗಿಗೆ ಬಾರದ ದಿನ ಮೊದಲೇ ಹೇಳಿಕಳಿಸುತ್ತಾರೋ. ಮನೆಯಲ್ಲಿ ಗಂಡನಿಗೆ, ದೊಡ್ಡ ಮಗನಿಗೆ ಈ ಸಾಲದ ವಿಷಯ ಗೊತ್ತಿದೆಯೇ ಎಂದೂ ಕೇಳಬೇಕು. ಮುಚ್ಚಿಟ್ಟ ಸಾಲ ಕಂತು ತಪ್ಪಿದಾಗ ಜಗಳವಾಗಿ ಹೊರಬರುತ್ತದೆ. ಇನ್ನೂ ಮುಖ್ಯವಾದ ಪ್ರಶ್ನೆ, "ಬೇರೆ ಎಷ್ಟು ಸಂಘದಲ್ಲಿದ್ದೀಯಮ್ಮ?" ಎನ್ನುವುದು. ಬಾಯಿಮಾತಿನ ಉತ್ತರ ಸಾಲದು. ಯಾರ ಸಾಲ ಎಲ್ಲೆಲ್ಲಿದೆ, ಕಂತು ಹೇಗೆ ಕಟ್ಟಿದ್ದಾರೆ ಎಂದು ಲೆಕ್ಕ ಇಡುವ, ಸಿಬಿಲ್ ಸೇರಿ ದೇಶದಲ್ಲಿರುವ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಗುಂಪು ಕಟ್ಟುವ ಮುಂಚೆ ಎಲ್ಲರೂ ತಮ್ಮ ತಮ್ಮ ವರದಿ ತೆಗೆಸಿ ಒಟ್ಟಿಗೆ ಕೂತು ಓದಿದರೆ ಅರ್ಧ ಗಂಟೆಯ ಕೆಲಸ. ನಾಚಿಕೆಯೇನೋ ಆಗುತ್ತದೆ. ಆಮೇಲಿನ ನಾಚಿಕೆಗಿಂತ ಇದು ಚಿಕ್ಕದು.

ವರದಿ ಓದಿದ ಮೇಲೆ ಒಂದು ಗುಣಾಕಾರ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷದ ಆದಾಯ 3 ಲಕ್ಷ ರೂಪಾಯಿ ದಾಟದ ಕುಟುಂಬಕ್ಕೆ ಏನನ್ನೂ ಅಡ ಇಟ್ಟುಕೊಳ್ಳದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಆ ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ತಿಂಗಳಿಗೆ 18,000 ಬರುವ ಮನೆಗೆ ಮಿತಿ 9,000. ವಾರಕ್ಕೆ 700ರ ಒಂದು ಕಂತು ತಿಂಗಳಿಗೆ ಸುಮಾರು 3,030 ಆಗುತ್ತದೆ, ವರ್ಷಕ್ಕೆ 52 ವಾರ ಇರುವುದರಿಂದ. ಮೂರು ಸಂಘವಾದರೆ ಮಿತಿ ಅಲ್ಲಿಗೇ ದಾಟಿತು. "ವಾರಕ್ಕೆ ಏಳ್ನೂರು ತಾನೇ" ಅನ್ನುವವರು ಈ ಗುಣಾಕಾರ ಮಾಡಿರುವುದಿಲ್ಲ.

ಇಲ್ಲೊಂದು ನ್ಯಾಯದ ಮಾತು. ಕಂತು ತಪ್ಪಿಸಿದವರೆಲ್ಲ ಕೆಟ್ಟವರಲ್ಲ. ಡೇರಿಯ ಬಟವಾಡೆ ಹದಿನೈದು ದಿನಕ್ಕೊಮ್ಮೆ, ರೇಷ್ಮೆಗೂಡಿನ ದುಡ್ಡು ಬೆಳೆ ಇಳಿದಾಗ, ಟೊಮೆಟೊ ದುಡ್ಡು ಮಾರುಕಟ್ಟೆಯ ಮರ್ಜಿ. ಕಂತು ಮಾತ್ರ ಪ್ರತಿ ಮಂಗಳವಾರ. ಹೀಗೆ ಕೂಡಿಬಾರದ ಕಡೆ ನಿಯತ್ತಿನವಳೂ ಸುಳ್ಳುಗಾತಿಯಂತೆ ಕಾಣುತ್ತಾಳೆ. ಆಗದವರಿಗೂ ಆಗಿಯೂ ಕೊಡದವರಿಗೂ ವ್ಯತ್ಯಾಸ ತಿಳಿಯುವುದು ಹಿಂದಿನ ದಿನ. ಆಗದವಳು ಸೋಮವಾರವೇ ಬಂದು ಹೇಳುತ್ತಾಳೆ. ಕೊಡದವಳ ಫೋನು ಮಂಗಳವಾರ ಸ್ವಿಚ್ ಆಫ್. ಮೊದಲನೆಯವಳಿಗಾಗಿ ಸಂಘದಲ್ಲಿ ಎರಡು ಕಂತಿನಷ್ಟು ಉಳಿತಾಯ ಬೇರೆ ಇಟ್ಟಿರಬೇಕು. ಎರಡನೆಯವಳಿಗೆ ಅದರಿಂದ ಒಂದು ಸಲ ಕೊಟ್ಟರೂ ರೂಢಿಯಾಗುತ್ತದೆ. ರೂಢಿ ಅಂಟುರೋಗ: "ಅವಳೇ ಕಟ್ಟಲಿಲ್ಲ, ನಾನ್ಯಾಕೆ ಕಟ್ಟಲಿ?" 2009ರಲ್ಲಿ ಕೋಲಾರ ಪಟ್ಟಣದಲ್ಲಿ ಬಹಳ ಮಂದಿ ಒಟ್ಟಾಗಿ ಕಂತು ನಿಲ್ಲಿಸಿದ್ದು ದೇಶವೆಲ್ಲ ಸುದ್ದಿಯಾಯಿತು. ರೇಷ್ಮೆ ಕಸುಬು ಕುಸಿದಿತ್ತು, ಒಂದೊಂದು ಮನೆಗೆ ಹಲವು ಕಂಪನಿಗಳು ಸಾಲ ಸುರಿದಿದ್ದವು. ತಪ್ಪು ಬಡವರದ್ದು ಮಾತ್ರ ಅನ್ನಲಾಗದು.

ಹೆಚ್ಚು ಮನೆ ಮುರಿಯುವುದು ಕಂತು ತಪ್ಪಿಸುವುದರಿಂದಲೂ ಅಲ್ಲ, ಹೆಸರು ಕೊಡುವುದರಿಂದ. "ಅಕ್ಕಾ, ನನಗೆ ಲೋನ್ ಆಗ್ತಿಲ್ಲ, ನಿನ್ನ ಹೆಸರಲ್ಲಿ 50,000 ತೆಗೆದು ಕೊಡು, ಕಂತು ನಾನೇ ಕಟ್ತೀನಿ." ಅವಳಿಗೆ ಯಾಕೆ ಆಗುತ್ತಿಲ್ಲ ಎಂದು ಅಕ್ಕ ಕೇಳುವುದಿಲ್ಲ. ಮೊದಲ ಎಂಟು ಹತ್ತು ವಾರ ಕಂತು ಸರಿಯಾಗಿಯೇ ಬರುತ್ತದೆ, ಅದೂ ಅದೇ ಸಾಲದ ದುಡ್ಡಿನಲ್ಲಿ. ಆಮೇಲೆ ನಿಲ್ಲುತ್ತದೆ. ಕಾಗದದಲ್ಲಿ ಸಾಲಗಾರ್ತಿ ಅಕ್ಕನೇ. ಒಳಗಿನ ಒಪ್ಪಂದಕ್ಕೆ ಚೀಟಿ ಚೂರೂ ಇರುವುದಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆಯನ್ನು ಎಲ್ಲರೂ ಬಲ್ಲರು, ಆದರೂ ದಾಕ್ಷಿಣ್ಯ. ಬೇಡ ಅನ್ನಲು ಬಾಯಿ ಬಾರದವರು "ಗುಂಪಿನಲ್ಲಿ ಕೇಳಿ ಹೇಳ್ತೀನಿ" ಅನ್ನಬಹುದು. ಹೀಗೆ ಕೇಳುವವರು ನಾಲ್ಕು ಜನರ ಎದುರು ಅದೇ ಮಾತು ಆಡುವುದು ಅಪರೂಪ. ಕೊಡಲೇಬೇಕು ಅನಿಸಿದರೆ ಬಾರದಿದ್ದರೂ ತಡೆಯುವಷ್ಟು ಕೈಸಾಲ ಕೊಡಿ, ಹೆಸರು ಕೊಡಬೇಡಿ. ಬಲವಂತದ ವಸೂಲಿ ತಡೆಯಲು ಸರ್ಕಾರ 2025ರಲ್ಲಿ ತಂದ ಕಾನೂನು ಬಾಗಿಲಿಗೆ ಬಂದು ಕಾಡುವವರಿಂದ ಕಾಪಾಡೀತು, ಪಕ್ಕದ ಮನೆಯವಳ ಮಾತು ತಪ್ಪಿದ್ದರಿಂದ ಕಾಪಾಡದು.

ಗಂಡಸರ ಕಥೆ ಚೀಟಿಯಲ್ಲಿದೆ. 20 ಜನ, ತಲೆಗೆ 5,000, ಒಂದು ಲಕ್ಷದ ಚೀಟಿ. ಮೊದಲ ತಿಂಗಳೇ 30,000 ಬಿಟ್ಟುಕೊಡುತ್ತೇನೆಂದು ಹರಾಜು ಕೂಗಿದವನಿಗೆ 70,000 ಸಿಗುತ್ತದೆ. ನಡೆಸುವವನ ಕಮಿಷನ್ 5,000 ಹೋಗಿ ಉಳಿದ 25,000 ಹಂಚಿದರೆ ತಲೆಗೆ 1,250. ಹೀಗೆ ಚೀಟಿ ಎತ್ತಿದವನು ಇನ್ನೂ 19 ತಿಂಗಳು ಕಟ್ಟಬೇಕು. ಎತ್ತುವ ತನಕ ಎಲ್ಲರೂ ಒಳ್ಳೆಯವರೇ. ಗುಣ ಬಯಲಾಗುವುದು ಎತ್ತಿದ ಮರುತಿಂಗಳು. ಆದ್ದರಿಂದ ಜಾಮೀನು ಬರೆಸಿಕೊಳ್ಳದೆ ದುಡ್ಡು ಕೈಗೆ ಕೊಡಬಾರದು. ಈಗಾಗಲೇ ಎತ್ತಿದವನ ಜಾಮೀನು ಒಪ್ಪಲೂಬಾರದು, ಇಬ್ಬರೂ ಒಟ್ಟಿಗೆ ಊರು ಬಿಡುವುದುಂಟು. 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಣಿ ಇಲ್ಲದ ಚೀಟಿಯಲ್ಲಿ ನಂಬಿಕೆ ಬಿಟ್ಟರೆ ಬೇರೆ ಆಸರೆಯೇ ಇಲ್ಲ. ನೋಂದಾಯಿತ ಚೀಟಿಯಲ್ಲಿ ಕಮಿಷನ್ ಕೂಡ ಶೇ 7 ಮೀರುವಂತಿಲ್ಲ.

ಇನ್ನು ಜಾಮೀನು. ಜಾಮೀನು ಅಂದರೆ ಸಾಕ್ಷಿ ಎಂದುಕೊಂಡವರು ಓದಿದವರಲ್ಲೂ ಇದ್ದಾರೆ. 1872ರ ಕರಾರು ಕಾಯಿದೆಯ 128ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಅವನನ್ನು ಕೇಳಿ ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುವಂತಿಲ್ಲ. ಬಾಕಿಯ ಕಲೆ ಜಾಮೀನುದಾರನ ಕ್ರೆಡಿಟ್ ವರದಿಗೂ ಹತ್ತುತ್ತದೆ, ನಾಳೆ ತನ್ನ ಮಗಳ ಓದಿನ ಸಾಲಕ್ಕೆ ಹೋದಾಗ ಕಾಣಿಸುತ್ತದೆ. ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು 145ನೇ ಕಲಮಿನಲ್ಲಿ ಇದೆ. ಸಾಲದ ಕಾಗದಗಳ ಪ್ರತಿ, ಕಟ್ಟಿದ ರಸೀದಿ ಇಟ್ಟುಕೊಂಡವರಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಸಂಘದ ಪ್ರತಿನಿಧಿಯ ವಿಷಯ ಹೇಳದಿದ್ದರೆ ಪತ್ರ ಅರ್ಧ. ಒಳ್ಳೆಯವಳೆಂದು ಏಳೆಂಟು ವರ್ಷ ಒಬ್ಬಳನ್ನೇ ಕೂರಿಸಿ, ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವುದು ಅವಳಿಗೂ ಮಾಡುವ ಅನ್ಯಾಯ. ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದ ದಿನ ಕೈಯಲ್ಲಿ ಹತ್ತು ಜನರ ಕಂತಿನ ದುಡ್ಡಿದ್ದರೆ ಯಾರ ಮನಸ್ಸೂ ಅಲ್ಲಾಡುತ್ತದೆ. ಪಾಸ್ ಪುಸ್ತಕ ಮೀಟಿಂಗಿನಲ್ಲೇ ಬರೆಯಬೇಕು, ಬ್ಯಾಂಕಿನ ಚಲನ್ ಮುಂದಿನ ವಾರ ಎಲ್ಲರ ಕೈ ದಾಟಬೇಕು, ಪ್ರತಿನಿಧಿಗಳು ವರ್ಷಕ್ಕೊಮ್ಮೆ ಬದಲಾಗಬೇಕು.

ಕೊನೆಗೆ ನಮ್ಮ ಎರಡೂ ಜಿಲ್ಲಾಡಳಿತಗಳಿಗೆ ಒಂದು ಮನವಿ. ಸಾಲದ ಮುಖ್ಯ ವಿವರಗಳನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬ ನಿಯಮ ಈಗಾಗಲೇ ಇದೆ. ಜಾಮೀನುದಾರರಿಗೂ ಗುಂಪಿನ ಪ್ರತಿ ಸದಸ್ಯೆಗೂ ಸಹಿಗೆ ಮುನ್ನ ಅದನ್ನು ಗಟ್ಟಿಯಾಗಿ ಓದಿ ಹೇಳುವಂತೆ ಸೂಚಿಸಲಿ. ಕನ್ನಡದಲ್ಲಿ ಸರಿ, ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗು ಆದವರಿಗೆ ತೆಲುಗಿನಲ್ಲೂ ಓದಲಿ.

ಇಂತಿ,
ಸಂಘಗಳ ಲೆಕ್ಕ ಬರೆಯುವವರು,
ಚಿಂತಾಮಣಿ